ಗಣಿಗಿಳಿಯುವ ಮಗಳಿಗೆ

ಪ್ರೀತಿಯ ಪುಟ್ಟಿ,

ಸಿಂಗರೇಣಿ ಕಲ್ಲಿದ್ದಲು ಕಂಪನಿಯಲ್ಲಿ ಆಯ್ಕೆ ಸಿಕ್ಕರೆ ಓಪನ್‌ಕಾಸ್ಟ್ (ಮೇಲಿನಿಂದಲೇ ಅಗೆಯುವ ತೆರೆದ ಗಣಿ) ಬೇಡ, ಮೊದಲು ಅಂಡರ್‌ಗ್ರೌಂಡ್‌ಗೇ ಹೋಗು. ಬರೀ ಓಪನ್‌ಕಾಸ್ಟ್ ಅನುಭವದಲ್ಲಿ ಪಡೆದ ಮ್ಯಾನೇಜರ್ ಸರ್ಟಿಫಿಕೇಟ್ 'ರಿಸ್ಟ್ರಿಕ್ಟೆಡ್' ಆಗುತ್ತದೆ, ಅದರ ಬಲದ ಮೇಲೆ ಭೂಗತ ಗಣಿ ನಡೆಸುವಂತಿಲ್ಲ. ಹೆಣ್ಣುಮಕ್ಕಳಿಗೆ ಒಳಗಿನ ತಾಂತ್ರಿಕ ಕೆಲಸಕ್ಕೆ ದಾರಿ ತೆರೆದದ್ದೇ 2019ರಲ್ಲಿ. ಆ ದಾರಿಯನ್ನು ನೀನು ಬಿಡಬಾರದು ಎಂಬುದು ನನ್ನಾಸೆ.

ಮೊದಲ ವರ್ಷ ಪೂರ್ತಿ ರೂಫ್, ಅಂದರೆ ತಲೆಮೇಲಿನ ಕಲ್ಲಿನ ಚಾವಣಿ, ನೋಡುವುದನ್ನು ಕಲಿ. ಬೋರ್ಡ್ ಅಂಡ್ ಪಿಲ್ಲರ್ ಗಣಿಯಲ್ಲಿ (ಕಲ್ಲಿದ್ದಲಿನ ಕಂಬಗಳನ್ನು ಆಧಾರಕ್ಕೆ ಬಿಟ್ಟು ನಡುವೆ ದಾರಿ ಕೊರೆಯುವ ಗಣಿ) ಗ್ಯಾಲರಿಯ, ಅಂದರೆ ಆ ದಾರಿಯ, ಅಗಲ 4.8 ಮೀಟರ್, ಎತ್ತರ 3 ಮೀಟರ್ ಮೀರಬಾರದು. ಬ್ಲಾಸ್ಟಿಂಗ್‌ನಲ್ಲಿ ಪಕ್ಕ ಒಡೆದು ಅಗಲವಾದರೆ ಭಾರ ತಡೆಯುವ ಪಿಲ್ಲರ್ ಸಣ್ಣದಾಗುತ್ತದೆ, ಜಂಕ್ಷನ್‌ನಲ್ಲಿ ಆಧಾರವಿಲ್ಲದ ಹರವು ಹಿಗ್ಗುತ್ತದೆ. ಹಾಗಾಗಿ ಟೇಪ್ ಹಿಡಿದು ಅಳೆ, ಕಣ್ಣಂದಾಜು ಬೇಡ. ಸರಳಿನಿಂದ ತಟ್ಟಿದಾಗ ಗಟ್ಟಿ ರೂಫ್ ಠಣ್ ಎನ್ನುತ್ತದೆ, ಪದರ ಬಿಟ್ಟದ್ದು ಟೊಳ್ಳು ಸದ್ದು ಕೊಡುತ್ತದೆ. ತಟ್ಟುವಾಗಲೂ ಬೋಲ್ಟ್ (ಪದರಗಳನ್ನು ಬಿಗಿದು ಹಿಡಿಯುವ ಕಬ್ಬಿಣದ ಸರಳು) ಹಾಕಿದ ರೂಫ್ ಕೆಳಗೇ ನಿಲ್ಲಬೇಕು.

ಬೋಲ್ಟ್ ಕೆಡುವುದು ಸಾಮಾನ್ಯವಾಗಿ ಆತುರದಿಂದ. ಬೋಲ್ಟನ್ನು ರಂಧ್ರದಲ್ಲಿ ಹಿಡಿಸುವ ಸಿಮೆಂಟ್ ಕ್ಯಾಪ್ಸೂಲನ್ನು ಗುಳ್ಳೆ ನಿಲ್ಲುವವರೆಗೆ ನೀರಿನಲ್ಲಿ ನೆನೆಸಬೇಕು. ಪಾಳಿ ಮುಗಿಯುವ ಹೊತ್ತಿಗೆ ಅದ್ದಿ ತೆಗೆದು ತುರುಕುತ್ತಾರೆ, ನಡುವಿನ ಪುಡಿ ಒಣಗಿಯೇ ಉಳಿದು ಬೋಲ್ಟ್ ಹಿಡಿಯುವುದಿಲ್ಲ. ರಂಧ್ರ ಅಗಲವಾದರೂ, ಉದ್ದ ಹೆಚ್ಚಾದರೂ ಅಷ್ಟೇ. ಪ್ಲೇಟ್ ರೂಫ್‌ಗೆ ಅಂಟಿದ್ದರೆ ಸಾಲದು, ಎಳೆತದ ಪರೀಕ್ಷೆ ನಿನ್ನೆದುರೇ ನಡೆಯಲಿ. ಕಲ್ಲಿದ್ದಲು ತೆಗೆದ ಮೇಲೆ ಬೋಲ್ಟ್ ಹಾಕಲು ತಡವಾದಷ್ಟೂ ಪದರಗಳು ಬಿಟ್ಟುಕೊಳ್ಳುತ್ತವೆ, ಆಮೇಲೆ ಎಷ್ಟು ಬೋಲ್ಟ್ ಹೊಡೆದರೂ ಮೊದಲಿನ ಬಲ ಬರುವುದಿಲ್ಲ. ಡಿಪಿಲ್ಲರಿಂಗ್‌ನಲ್ಲಿ (ಪಿಲ್ಲರ್‌ಗಳನ್ನೇ ತೆಗೆಯುವ ಹಂತದಲ್ಲಿ) ಗೋಫ್, ಅಂದರೆ ಕಲ್ಲಿದ್ದಲು ತೆಗೆದು ಬಿಟ್ಟ ಖಾಲಿ ಜಾಗದ, ಅಂಚಿನ ಬಗ್ಗೆ ಹಳೆಯ ಸರ್ದಾರ್ (ಪಾಳಿಯ ಮೇಲ್ವಿಚಾರಕ) ಹೇಳುವ ಮಾತನ್ನು ಕಿವಿಗೊಟ್ಟು ಕೇಳು.

ಕಲ್ಲಿದ್ದಲಿನಿಂದ ಹೊರಬರುವ, ಬೆಂಕಿ ಹೊತ್ತುವ ಮೀಥೇನ್ ಅನಿಲ ಹಗುರ, ಮೇಲೆ ನಿಲ್ಲುತ್ತದೆ. ಡಿಟೆಕ್ಟರನ್ನು ಎದೆಮಟ್ಟದಲ್ಲಿ ಹಿಡಿದು ಸೊನ್ನೆ ಬರೆಯುವವರಿದ್ದಾರೆ, ಅದು ಅಳತೆಯೇ ಅಲ್ಲ. ರೂಫ್ ಹತ್ತಿರ, ಕುಳಿಗಳೊಳಗೆ ಹಿಡಿ. 1.25% ಮೀರಿದರೆ ಕರೆಂಟ್ ಕಡಿಸು, ಜನರನ್ನು ಹೊರಗೆ ಕಳಿಸು. ಉತ್ಪಾದನೆಯ ಒತ್ತಡ ಎಷ್ಟೇ ಇರಲಿ, ಯಾರ ಅಪ್ಪಣೆಗೂ ಕಾಯಬೇಡ. ಗಾಳಿಯ ಲೆಕ್ಕ ದೊಡ್ಡ ಪಾಳಿಯ ಪ್ರತಿ ಆಳಿಗೆ ನಿಮಿಷಕ್ಕೆ 6 ಘನ ಮೀಟರ್, ಇಲ್ಲವೇ ದಿನದ ಪ್ರತಿ ಟನ್‌ಗೆ 2.5 ಘನ ಮೀಟರ್, ಎರಡರಲ್ಲಿ ಹೆಚ್ಚಿನದು. ಅಳೆಯುವಾಗ ಫ್ಯಾನ್ ಬಳಿಯ ಅಂಕಿ ನೋಡಿ ತೃಪ್ತಿಪಡಬೇಡ. ದಾರಿಯಲ್ಲಿ ಸ್ಟಾಪಿಂಗ್ (ಗಾಳಿ ಅಡ್ಡದಾರಿ ಹಿಡಿಯದಂತೆ ಕಟ್ಟಿದ ಗೋಡೆ) ಸೋರಿದರೆ ಆ ಗಾಳಿ ಫೇಸ್‌ಗೆ, ಅಂದರೆ ಕಲ್ಲಿದ್ದಲು ಕಡಿಯುವ ಜಾಗಕ್ಕೆ, ತಲುಪಿರುವುದಿಲ್ಲ.

ನೀರಿನ ವಿಷಯದಲ್ಲಿ ನಕ್ಷೆಯನ್ನು ಪೂರ್ತಿ ನಂಬಬೇಡ. 1975ರಲ್ಲಿ ಧನ್‌ಬಾದ್ ಬಳಿಯ ಚಾಸನಾಲಾ ಗಣಿಯಲ್ಲಿ ನೀರು ನುಗ್ಗಿ 300ಕ್ಕೂ ಹೆಚ್ಚು ಜನ ಸತ್ತರು. ಹಳೆಯ ವರ್ಕಿಂಗ್‌ನಿಂದ (ಕೆಲಸ ನಿಲ್ಲಿಸಿದ, ನೀರು ತುಂಬಿರಬಹುದಾದ ಗಣಿಭಾಗದಿಂದ) 60 ಮೀಟರ್ ಒಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಅನುಮತಿ ಸಿಕ್ಕರೂ ಮುಂದೆ ಬೋರ್ ಹೊಡೆದು ನೋಡುತ್ತಲೇ ಸಾಗಬೇಕು.

ಗ್ಯಾಸ್ ಟೆಸ್ಟಿಂಗ್, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್‌ಗಳನ್ನು ಈಗಲೇ ಮುಗಿಸಿಕೋ, ಮ್ಯಾನೇಜರ್ ಪರೀಕ್ಷೆಗೆ ಎರಡೂ ಬೇಕು. ಅನುಭವದ ಪತ್ರದಲ್ಲಿ ಭೂಗತ ಗಣಿಯ ದಿನಗಳನ್ನು ಬೇರೆಯಾಗಿ ನಮೂದಿಸಲು ಹೇಳು.

ನಿನ್ನ ಅಪ್ಪ