ತಂಗಿಯ ತಲೆಯ ಬಳಿ ನಿಂತಿದ್ದ ವೈದ್ಯರಿಗೆ

ಕಳೆದ ಮಳೆಗಾಲದ ಆ ರಾತ್ರಿ ಹಾಸನದ ಆಸ್ಪತ್ರೆಯಲ್ಲಿ ನನ್ನ ತಂಗಿಗೆ ಅರಿವಳಿಕೆ ಕೊಟ್ಟ ವೈದ್ಯರೇ, ನಿಮ್ಮ ಹೆಸರು ಕೇಳುವಷ್ಟು ಎಚ್ಚರ ನಮಗೆ ಆಗ ಇರಲಿಲ್ಲ.

ಮಂಗಳೂರಿನ ಗಂಡನ ಮನೆಯಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರದ ತವರಿಗೆ ಹೆರಿಗೆಗೆಂದು ಬಂದವಳಿಗೆ ಮೂರನೆಯ ದಿನವೇ ಚಳಿಜ್ವರ. ರಕ್ತಪರೀಕ್ಷೆಯಲ್ಲಿ ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆಯ ಮಲೇರಿಯಾ ಎಂದು ಬಂತು. ಅದಕ್ಕೆ ಕೊಡುವ ಆರ್ಟೆಸುನೇಟ್ ಚುಚ್ಚುಮದ್ದು ಶುರುವಾಗಿತ್ತು. ಅಷ್ಟರಲ್ಲಿ ಮಗುವಿನ ಎದೆಬಡಿತ ಇಳಿಯಿತು. ಸಿಸೇರಿಯನ್ ಅನಿವಾರ್ಯವಾಯಿತು.

"ಬೆನ್ನಿಗೆ ಸೂಜಿ ಕೊಟ್ಟರೆ ಸಾಲದೇ ಡಾಕ್ಟರೇ?" ಎಂದು ಅಮ್ಮ ಕೇಳಿದಾಗ, ಅಷ್ಟು ಅವಸರದಲ್ಲೂ ನೀವು ನಿಂತು ವಿವರಿಸಿದಿರಿ. ಮಲೇರಿಯಾದಿಂದ, ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ತೀರಾ ಕುಸಿದಿದೆ, ಸೂಜಿ ಚುಚ್ಚಿದಾಗ ಬೆನ್ನುಹುರಿಯ ಬಳಿ ರಕ್ತ ಸೋರಿ ಕಟ್ಟಿಕೊಂಡರೆ ಕಾಲುಗಳ ಬಲವೇ ಹೋಗಬಹುದು. ಆದ್ದರಿಂದ ಪೂರ್ಣ ಅರಿವಳಿಕೆ. ಈ ಜ್ವರದಲ್ಲಿ ಗರ್ಭಿಣಿಯರ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಪ್ರಜ್ಞೆ ಇಲ್ಲದವಳಲ್ಲಿ ಅದು ಹೊರಗೆ ತಿಳಿಯುವುದಿಲ್ಲ, ಹಾಗಾಗಿ ಬೆರಳು ಚುಚ್ಚಿ ನೋಡುತ್ತಲೇ ಇರುತ್ತೇನೆ ಎಂದಿರಿ. ಡ್ರಿಪ್ ಹೆಚ್ಚು ಹಾಕಿ ಎಂದು ಗೋಗರೆದ ನನ್ನನ್ನು ಗದರಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಬಹುದು, ಅಳೆದೇ ಕೊಡಬೇಕು ಎಂದಿರಿ.

ಮಗುವನ್ನು ಹೊರತೆಗೆದ ವೈದ್ಯೆಯ ಕೈ ಹಿಡಿದು ಅತ್ತೆವು. ತಲೆಯ ಕಡೆ ನಿಂತವರನ್ನು ಮನೆಯವರು ಯಾರು ನೆನೆಯುತ್ತಾರೆ! ಬೆಳಗಿನ ಜಾವದವರೆಗೂ ನೀವು ಅವಳ ಪಕ್ಕದಲ್ಲೇ ಇದ್ದಿರೆಂದು ದಾದಿ ಹೇಳಿದ್ದು ಮೂರು ದಿನಗಳ ನಂತರ.

ಮಗು ಈಗ ಗೋಡೆ ಹಿಡಿದು ನಿಲ್ಲುತ್ತದೆ. ತೋಟದಲ್ಲಿ ಕಾಫಿ ಹೂ ಬಿಟ್ಟಿದೆ. ನಿಮ್ಮ ಪಾಲಿನ ಕಾಫಿಪುಡಿಯನ್ನು ಅಮ್ಮ ಡಬ್ಬದಲ್ಲಿ ಎತ್ತಿಟ್ಟು ಕಾಯುತ್ತಿದ್ದಾರೆ.