ಒಂಟೆಗೆ ಶತ್ರುವಿನ ವೇಷ: ಒಂದು ದೂರು ಪತ್ರ

ಬೆಂಗಳೂರು
ದಿನಾಂಕ: 11 ಆಗಸ್ಟ್ 2025

ಇಂದ:
ನಿವೃತ್ತ ನಾಯಕ್ (ಚಾಲಕ), ಆರ್ಮಿ ಸರ್ವಿಸ್ ಕೋರ್
ವಿದ್ಯಾರಣ್ಯಪುರ, ಬೆಂಗಳೂರು

ಗೆ:
ವ್ಯವಸ್ಥಾಪಕರು
ಮಾಜಿ ಸೈನಿಕರ ಅರ್ಜಿ ವಿಭಾಗ, ತಮ್ಮ ಸಂಸ್ಥೆಯ ಹೆಬ್ಬಾಳ ಶಾಖೆ

ವಿಷಯ: ಪರಾಕ್ರಮ ಪದಕದ ಅರ್ಜಿಯಲ್ಲಿ ಸಂಬಂಧವಿಲ್ಲದ ಗಾಯವನ್ನು ತೋರಿಸಿ, ನನ್ನ ಸಹಿಯ ಮೇಲೆ ಸುಳ್ಳು ವಿವರ ಬರೆದ ಬಗ್ಗೆ, ಶುಲ್ಕ ಹಾಗೂ ಮೂಲ ದಾಖಲೆಗಳನ್ನು ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ಕಳೆದ ವರ್ಷ ಸೆಪ್ಟೆಂಬರ್ 9ರಂದು ನಿಮ್ಮ ಕಚೇರಿಯಲ್ಲಿ 18,500 ರೂಪಾಯಿ ಕಟ್ಟಿ ರಸೀದಿ ಪಡೆದಿದ್ದೇನೆ. ಸೇವೆಯಲ್ಲಿ ನನಗಾದ ಗಾಯಕ್ಕೆ ಪರಾಕ್ರಮ ಪದಕ ಸಲ್ಲುತ್ತದೆಯೇ ಎಂದು ನೋಡಿ, ಸಲ್ಲುವುದಾದರೆ ಅರ್ಜಿ ಹಾಕಿಕೊಡುವುದು ನಿಮ್ಮ ಕೆಲಸವಾಗಿತ್ತು. ನೀವು ಅರ್ಜಿಯನ್ನೇನೋ ಹಾಕಿದಿರಿ. ಆದರೆ ಬೇರೆ ಗಾಯಕ್ಕೆ ಹಾಕಿದಿರಿ.

ನನ್ನ ಮೈಮೇಲೆ ಸೇನೆಯ ಕಾಲದ ಎರಡು ಗಾಯಗಳಿವೆ. ಎರಡನ್ನೂ ನಿಮ್ಮ ಸಿಬ್ಬಂದಿಯ ಮುಂದೆ ಕುಳಿತು, ಅವರು ಕೊಟ್ಟ ಕಾಫಿ ಆರಿಹೋಗುವವರೆಗೆ ವಿವರಿಸಿದ್ದೆ. ಅವರು ಬರೆದುಕೊಂಡಿದ್ದನ್ನೂ ನೋಡಿದ್ದೇನೆ. ಆದರೂ ಮತ್ತೊಮ್ಮೆ ಬರೆಯುತ್ತಿದ್ದೇನೆ, ಏಕೆಂದರೆ ತಪ್ಪು ನಡೆದಿರುವುದು ಈ ಎರಡರ ನಡುವೆಯೇ.

ಮೊದಲನೆಯದು 1999ರ ಜೂನ್ ತಿಂಗಳಿನದು, ಆಪರೇಷನ್ ವಿಜಯ್, ಅಂದರೆ ಕಾರ್ಗಿಲ್ ಯುದ್ಧದ ಕಾಲದ್ದು. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿಯ ಮೇಲೆ ಎದುರು ಬೆಟ್ಟಗಳಲ್ಲಿ ಕುಳಿತವರ ಕಣ್ಣಿತ್ತು. ಹಗಲು ಲಾರಿ ಕಂಡರೆ ಶೆಲ್ ಬೀಳುತ್ತಿತ್ತು. ಆದ್ದರಿಂದ ರಾತ್ರಿ ದೀಪ ಆರಿಸಿಕೊಂಡು ಹೋಗುತ್ತಿದ್ದೆವು. ಮುಂದಿನ ಲಾರಿಯ ಹಿಂದಿನ ಅಚ್ಚಿಗೆ ಬಳಿದ ಬಿಳಿ ಬಣ್ಣವೊಂದೇ ನಮಗೆ ದಾರಿ. ಮಾತಾಯನ್ ದಾಟಿ ದ್ರಾಸ್ ಕಡೆಗೆ ಸೀಮೆಎಣ್ಣೆ ಪೀಪಾಯಿಗಳನ್ನು ಒಯ್ಯುತ್ತಿದ್ದಾಗ ಎಡಗಡೆಯ ಇಳಿಜಾರಿನಲ್ಲಿ ಶೆಲ್ ಸಿಡಿಯಿತು. ಗಾಜು ಪುಡಿಯಾಗಿ ಎದೆಯ ಮೇಲೆ ಸುರಿಯಿತು. ಸ್ಟಿಯರಿಂಗ್ ಬಿಡಲಿಲ್ಲ, ಆದರೆ ಎಡಗೈ ಮಾತು ಕೇಳಲಿಲ್ಲ. ಬಲಗೈಯಲ್ಲೇ ಲಾರಿಯನ್ನು ಬಂಡೆಗೆ ಒರಗಿಸಿ ನಿಲ್ಲಿಸಿದೆ. ಹಿಂದಿನ ಲಾರಿಯಲ್ಲಿದ್ದ ಹಾಸನದ ಗೆಳೆಯ ನನ್ನನ್ನು ಇಳಿಸಿದ. ಶ್ರೀನಗರದ ಸೇನಾ ಆಸ್ಪತ್ರೆಯಲ್ಲಿ ಭುಜದಿಂದ ಒಂದು ಚೂರು ತೆಗೆದರು. ಹೆಗಲ ಮೂಳೆಯ ಹಿಂದಿನ ಇನ್ನೊಂದನ್ನು ತೆಗೆಯಲು ಹೋದರೆ ನಷ್ಟವೇ ಹೆಚ್ಚು ಎಂದು ಹಾಗೆಯೇ ಬಿಟ್ಟರು. ಅಕ್ಕಿ ಕಾಳಿನಷ್ಟಿರುವ ಅದು ಇಂದಿಗೂ ಅಲ್ಲೇ ಇದೆ. ಎರಡು ವರ್ಷದ ಹಿಂದೆ ಬೆನ್ನುನೋವಿಗೆ ಎಂಆರ್‌ಐ ಮಾಡಿಸಲು ಹೋದಾಗ, ಮೈಯೊಳಗೆ ಲೋಹವೇನಾದರೂ ಇದೆಯೇ ಎಂದು ಅಲ್ಲಿನ ಹುಡುಗ ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದ. ಇದೆ, ಪಾಕಿಸ್ತಾನದ್ದು ಎಂದೆ. ತಮಾಷೆ ಎಂದುಕೊಂಡು ನಕ್ಕ. ಎಕ್ಸ್‌ರೇ ತೋರಿಸಿದ ಮೇಲೆ ಸ್ಕ್ಯಾನ್ ಮಾಡಲಿಲ್ಲ, ವೈದ್ಯರನ್ನು ಕರೆದ.

ಎರಡನೆಯದು 2002ರ ಮಾರ್ಚ್. ಹಿಂದಿನ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ನಡೆದು, ಆಪರೇಷನ್ ಪರಾಕ್ರಮ್ ಹೆಸರಿನಲ್ಲಿ ಸೇನೆಯೆಲ್ಲ ಗಡಿಗೆ ಹೋಗಿ ಕುಳಿತಿದ್ದ ಕಾಲ. ನನ್ನ ಯೂನಿಟ್ ರಾಜಸ್ಥಾನದ ಬಾಡಮೇರ್ ಕಡೆ ಇತ್ತು. ನೀರಿನ ಲಾರಿ ಓಡಿಸುತ್ತಿದ್ದೆ. ಮುಂಜಾನೆ ಒಂದು ಒಂಟೆ ರಸ್ತೆಯ ನಡುವೆ ಬಂದು ನಿಂತಿತು. ಅದನ್ನು ತಪ್ಪಿಸಲು ಹೋಗಿ ಲಾರಿ ಮರಳಿಗೆ ಇಳಿದು ಮಗುಚಿತು. ಬಲಮೊಣಕಾಲು ಮುರಿಯಿತು. ವಿಚಾರಣೆಯಾಯಿತು, ಗಾಯದ ವರದಿಯಾಯಿತು, ವೈದ್ಯಕೀಯ ಮಂಡಳಿ ಇದು ಕರ್ತವ್ಯದಲ್ಲಿ ಆದ ಗಾಯ ಎಂದು ಒಪ್ಪಿತು. ಅದಕ್ಕೆ ಸಲ್ಲಬೇಕಾದ ಅಂಗವೈಕಲ್ಯ ಪಿಂಚಣಿ ತಿಂಗಳು ತಿಂಗಳು ಖಾತೆಗೆ ಬರುತ್ತಿದೆ. ಆ ಮೊಣಕಾಲಿನ ಬಗ್ಗೆ ನನಗೆ ಯಾರ ಮೇಲೂ ದೂರಿಲ್ಲ, ಒಂಟೆಯ ಮೇಲೂ ಇಲ್ಲ.

ಇನ್ನು ಪದಕದ ವಿಚಾರ. 1973ರ ಆಗಸ್ಟ್ 15ರಂದು ಸ್ಥಾಪನೆಯಾದ, ಇಂಗ್ಲಿಷಿನಲ್ಲಿ ವೂಂಡ್ ಮೆಡಲ್ ಎಂದು ಕರೆಯುವ ಪದಕವೇ ಪರಾಕ್ರಮ ಪದಕ. ಬಿಳಿ ಪಟ್ಟಿ, ನಡುವೆ ಕೆಂಪು ಗೆರೆ. ಯುದ್ಧವಾಗಲಿ, ಬಂಡುಕೋರರ ವಿರುದ್ಧದ ಕಾರ್ಯಾಚರಣೆಯಾಗಲಿ, ಶತ್ರುವಿನ ನೇರ ಕೃತ್ಯದಿಂದ ಗಾಯವಾಗಿದ್ದರೆ ಮಾತ್ರ ಅದು ಸಿಗುತ್ತದೆ. ಗಾಯ ದೊಡ್ಡದೋ ಚಿಕ್ಕದೋ ಎನ್ನುವುದಕ್ಕಿಂತ ಅದು ಎಲ್ಲಿಂದ ಬಂತು ಎನ್ನುವುದೇ ಅಲ್ಲಿ ಮುಖ್ಯ. ಕರ್ತವ್ಯದಲ್ಲಿ ಕಾಲು ಹೋದವನಿಗೆ ಪಿಂಚಣಿ ಬರಬಹುದು, ಪದಕ ಬಾರದಿರಬಹುದು. ಪಿಂಚಣಿಯ ಲೆಕ್ಕವೇ ಬೇರೆ, ಪದಕದ ಲೆಕ್ಕವೇ ಬೇರೆ. ಆಪರೇಷನ್ ಪರಾಕ್ರಮ್‌ನಲ್ಲಿ ಇದ್ದವರಿಗೆಂದೇ ಕೊಟ್ಟ ಇನ್ನೊಂದು ಪದಕವಿದೆ. ಅದು ಗಾಯಕ್ಕಲ್ಲ, ಅಲ್ಲಿ ಸೇವೆ ಮಾಡಿದ್ದಕ್ಕೆ. ಅದು ನನ್ನ ಬಳಿ ಆಗಲೇ ಇದೆ. ನಿಮ್ಮ ಕಚೇರಿಗೆ ತಂದೂ ತೋರಿಸಿದ್ದೆ.

ನಿಮ್ಮವರು ಮಾಡಿದ್ದೇನೆಂದು ಈಗ ಅರ್ಥವಾಗುತ್ತಿದೆ. ಆಪರೇಷನ್ ಪರಾಕ್ರಮ್, ಅದರಲ್ಲಿ ಗಾಯ, ಆದ್ದರಿಂದ ಪರಾಕ್ರಮ ಪದಕ. ಹೆಸರಿಗೆ ಹೆಸರು ಕೂಡಿಸಿದರು, ಕಡತ ಓದಲಿಲ್ಲ. ಇಷ್ಟೇ ಆಗಿದ್ದರೆ ಅಜ್ಞಾನವೆಂದು ಬಿಡುತ್ತಿದ್ದೆ. ಆದರೆ ನಿಯಮ ಶತ್ರುವನ್ನು ಕೇಳುತ್ತದೆ, ನನ್ನ ಕಡತದಲ್ಲಿ ಇರುವುದು ಒಂಟೆ. ಆಗ ನಿಮ್ಮವರು ಒಂಟೆಯನ್ನು ತೆಗೆದು, ಶತ್ರುವಿನ ಗುಂಡಿನ ದಾಳಿಯಿಂದ ವಾಹನ ಮಗುಚಿತು ಎಂದು ಟೈಪು ಮಾಡಿದರು. ಕೆಳಗೆ ನನ್ನ ಸಹಿ.

ಸಹಿ ನನ್ನದೇ. ಪೆನ್ಸಿಲಿನಲ್ಲಿ ಗುರುತು ಹಾಕಿದ ನಾಲ್ಕು ಖಾಲಿ ಹಾಳೆಗಳ ಮೇಲೆ ಹಾಕಿಸಿಕೊಂಡಿರಿ, ನಾನೂ ಹಾಕಿದೆ. ಲಾಗ್ ಬುಕ್ ತುಂಬದೆ ಸಹಿ ಮಾಡಿದ ಹುಡುಗರನ್ನು ಯೂನಿಟ್‌ನಲ್ಲಿ ಬೈದಿದ್ದವನು ನಾನು. ಅದೇ ತಪ್ಪನ್ನು ಐವತ್ತೇಳನೆಯ ವಯಸ್ಸಿನಲ್ಲಿ ನಾನೇ ಮಾಡಿದೆ. ಸೈನಿಕ ಕಲ್ಯಾಣ ಇಲಾಖೆಯವರು ಇಂತಹ ಕೆಲಸಕ್ಕೆ ಹಣ ಕೇಳುವುದಿಲ್ಲ, ಅಲ್ಲಿಗೆ ಹೋಗಿ ಎಂದು ನನ್ನ ಹೆಂಡತಿ ಮೊದಲೇ ಹೇಳಿದ್ದಳು. ನಿಮ್ಮ ಕಚೇರಿ ಮನೆಗೆ ಹತ್ತಿರ, ವಾಟ್ಸ್‌ಆ್ಯಪ್‌ನಲ್ಲಿ ಕೂಡಲೇ ಉತ್ತರ ಬರುತ್ತದೆ ಎಂದು ನಿಮ್ಮಲ್ಲಿಗೆ ಬಂದೆ. ನನ್ನ ಪಾಲಿನ ತಪ್ಪು ಅಷ್ಟು.

ಈ ಜೂನ್‌ನಲ್ಲಿ ಸೈನಿಕರ ಸೇವಾ ಕಡತಗಳನ್ನು ಇಡುವ ಸೇನೆಯ ದಾಖಲೆ ಕಚೇರಿಯಿಂದ ಉತ್ತರ ಬಂತು. ನನ್ನ ಗಾಯ ರಸ್ತೆ ಅಪಘಾತದ್ದು, ಶತ್ರುವಿನಿಂದಾದದ್ದಲ್ಲ, ಪದಕಕ್ಕೆ ಅರ್ಹತೆಯಿಲ್ಲ ಎಂದು. ಅವರು ಬರೆದದ್ದು ಸರಿಯಾಗಿಯೇ ಇದೆ. ಅವರ ಬಳಿ ಹಳೆಯ ಗಾಯದ ವರದಿ ಇದೆ, ಅದರಲ್ಲಿ ಒಂಟೆಯೂ ಇದೆ. ಆ ಉತ್ತರ ಓದುವಾಗ ನನಗೆ ಸಂಕಟವಾದದ್ದು ಪದಕ ತಪ್ಪಿತೆಂದಲ್ಲ. ಹದಿನೇಳು ವರ್ಷದ ಸೇವೆಯಲ್ಲಿ ನನ್ನ ದಾಖಲೆಯ ಮೇಲೆ ಒಂದು ಕೆಂಪು ಗೆರೆ ಬೀಳಲಿಲ್ಲ. ಈಗ ಅಲ್ಲಿ ಯಾವನೋ ಗುಮಾಸ್ತ, ಅಪಘಾತವನ್ನು ಯುದ್ಧವೆಂದು ಬರೆದು ಪದಕ ಕೇಳಿದವನು ಎಂದು ನನ್ನ ಹೆಸರನ್ನು ಓದಿರುತ್ತಾನೆ.

ಈ ವಿಷಯ ಹೇಳಲು ಫೋನ್ ಮಾಡಿದರೆ ನಿಮ್ಮವರು ಕೊಟ್ಟ ಸಲಹೆಯೂ ಬರೆದಿಡಬೇಕಾದದ್ದು. ಇನ್ನೂ 35,000 ಕಟ್ಟಿ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗೋಣ, ಗೆದ್ದೇ ಗೆಲ್ಲುತ್ತೇವೆ ಎಂದರು. 2007ರ ಕಾಯ್ದೆಯಿಂದ ಬಂದ ಆ ನ್ಯಾಯಮಂಡಳಿ ಎಷ್ಟೋ ಸೈನಿಕರಿಗೆ ನಿಜವಾದ ಆಸರೆ. ಅದರ ಮುಂದೆ ನಿಂತು ನಾನು ಏನೆಂದು ವಾದಿಸಲಿ? ಒಂಟೆ ಯಾವ ದೇಶದ್ದು ಎಂದೇ?

ನಿಜವಾಗಿ ಪದಕ ಸಲ್ಲಬೇಕಾದದ್ದು 1999ರ ಗಾಯಕ್ಕೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ನೇರವಾಗಿ ಬೇರೆ ಯೂನಿಟ್‌ಗೆ ಹೋದೆ, ಕಾಗದ ಹಿಂದೆಯೇ ಉಳಿಯಿತು, ನಾನೂ ಕೇಳಲಿಲ್ಲ. ಬದುಕಿ ಬಂದದ್ದೇ ಸಾಕೆಂದು ಇದ್ದೆ. ಕಳೆದ ವರ್ಷ ಜುಲೈ 26ರಂದು ನಗರದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಹಾಸನದ ಗೆಳೆಯ ಸಿಕ್ಕಿದ. ನನ್ನನ್ನು ಇಳಿಸಿದ ಮಾರನೆಯ ವಾರ ಅವನಿಗೂ ಚೂರು ತಗುಲಿತ್ತು. ಅವನ ಎದೆಯ ಮೇಲೆ ಬಿಳಿ-ಕೆಂಪು ಪಟ್ಟಿ ಇತ್ತು. ನಿನ್ನದೆಲ್ಲಿ ಎಂದು ಕೇಳಿದ. ಅದಕ್ಕಾಗಿ ನಿಮ್ಮ ಮೆಟ್ಟಿಲು ಹತ್ತಿದೆ. ಆ ಗಾಯದ ಆಸ್ಪತ್ರೆ ಚೀಟಿ, ಸೈನಿಕನ ಸೇವಾ ವಿವರಗಳನ್ನು ದಾಖಲಿಸುವ ಪಾರ್ಟ್ ಟೂ ಆರ್ಡರ್‌ನ ಪ್ರತಿ, ಎಕ್ಸ್‌ರೇ, ಎಲ್ಲವೂ ನಿಮ್ಮ ಕಪಾಟಿನಲ್ಲೇ ಇದ್ದವು. ಅರ್ಜಿಯಲ್ಲಿ ಅದರ ಸುದ್ದಿ ಒಂದು ಸಾಲೂ ಇಲ್ಲ.

ಆದ್ದರಿಂದ ನಿಮ್ಮಿಂದ ನನಗೆ ಬೇಕಾದದ್ದು ಇದು. ಅರ್ಜಿಯಲ್ಲಿನ ಗುಂಡಿನ ದಾಳಿಯ ಸಾಲು ನಿಮ್ಮ ಸಂಸ್ಥೆಯಲ್ಲಿ ಬರೆದದ್ದು, ಅರ್ಜಿದಾರರು ಹೇಳಿದ್ದಲ್ಲ ಎಂದು ನಿಮ್ಮ ಲೆಟರ್‌ಹೆಡ್‌ನಲ್ಲಿ ದಾಖಲೆ ಕಚೇರಿಗೆ ಪತ್ರ ಬರೆದು, ಪ್ರತಿಯನ್ನು ನನಗೆ ಕೊಡಬೇಕು. ಇದು ಎಲ್ಲಕ್ಕಿಂತ ಮೊದಲು. ನಂತರ 18,500 ರೂಪಾಯಿ ಪೂರ್ತಿ ವಾಪಸ್ ಬರಬೇಕು. ಸಂಸ್ಕರಣಾ ಶುಲ್ಕವೆಂದು ಅರ್ಧ ಹಿಡಿದುಕೊಳ್ಳುವ ಮಾತನ್ನು ನಿಮ್ಮವರು ಫೋನಿನಲ್ಲಿ ಆಡಿದರು, ಅದನ್ನು ನಾನು ಒಪ್ಪುವುದಿಲ್ಲ. ಈ ಪತ್ರ ತಲುಪಿದ ಹದಿನೈದು ದಿನಗಳಲ್ಲಿ ಇವು ಆಗದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗದಲ್ಲಿ ದಾಖಲಿಸುತ್ತೇನೆ. ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳು, ನೀವು ಸಲ್ಲಿಸಿದ ಅರ್ಜಿಯ ಪ್ರತಿ ನನ್ನ ಬಳಿ ಇವೆ.

ಮೂಲ ದಾಖಲೆಗಳನ್ನು ಕೊರಿಯರ್ ಮಾಡಬೇಡಿ. ಸೋಮವಾರ ಹತ್ತು ಗಂಟೆಗೆ ನಾನೇ ಬಂದು ಪಟ್ಟಿ ನೋಡಿ ಎಣಿಸಿಕೊಂಡು ತೆಗೆದುಕೊಳ್ಳುತ್ತೇನೆ, ಅಲ್ಲಿಂದ ನೇರವಾಗಿ ಸೈನಿಕ ಕಲ್ಯಾಣ ಕಚೇರಿಗೆ ಹೋಗುವುದಿದೆ. ಎಕ್ಸ್‌ರೇ ಫಿಲಂ ದೊಡ್ಡದು, ಕಪಾಟಿನಲ್ಲಿ ಹಿಡಿಸುವುದಿಲ್ಲವೆಂದು ನಿಮ್ಮ ಸಹಾಯಕ ಅದನ್ನು ಮಡಚಲು ಹೋಗಿದ್ದ. ಮಡಚಿಲ್ಲ ತಾನೇ, ಈಗಲೇ ನೋಡಿ ತಿಳಿಸಿ.

ಇಂತಿ,
ನಿವೃತ್ತ ನಾಯಕ್ (ಚಾಲಕ)
ವಿದ್ಯಾರಣ್ಯಪುರ