ಕೊಡಲಿ ಸಡಿಲವಾದರೆ ನೀರಿಗೆ ಹಾಕಬೇಡಿ

ಸಂಪಾದಕರಿಗೆ,

ಮಳೆಗಾಲಕ್ಕೆ ಸೌದೆ ಒಡೆದು ಒಟ್ಟುವ ದಿನಗಳಲ್ಲಿ ಮಲೆನಾಡಿನ ಹಿತ್ತಿಲುಗಳಲ್ಲಿ ಕಾವು ಅಲುಗುವ ಕೊಡಲಿ ರಾತ್ರಿಯಿಡೀ ನೀರಿನ ಬಕೆಟ್ಟಿನಲ್ಲಿ ಮುಳುಗಿರುವುದುಂಟು. ಬೆಳಿಗ್ಗೆ ಬಿಗಿಯಾಗುವುದು ನಿಜ. ಆದರೆ ನೀರು ಕುಡಿದ ಮರಕ್ಕೆ ಕಬ್ಬಿಣದ ಕಣ್ಣಿನೊಳಗೆ, ಅಂದರೆ ಕಾವು ತೂರಿಸುವ ತೂತಿನೊಳಗೆ, ಉಬ್ಬಲು ಜಾಗವಿಲ್ಲ, ಎಳೆಗಳು ಜಜ್ಜಿಹೋಗುತ್ತವೆ. ಒಣಗಿದ ಮೇಲೆ ಕಾವು ಮೊದಲಿಗಿಂತ ಸಣ್ಣ. ಕಾವಿನ ನೆತ್ತಿಗೆ ಮೊಳೆ ಹೊಡೆಯುವುದು ಇನ್ನೂ ಕೆಟ್ಟದ್ದು: ಮರ ಸೀಳುತ್ತದೆ, ಮುಂದೆ ಕಾವು ತೆಗೆಯುವವರ ಡ್ರಿಲ್ ಬಿಟ್ಟೂ ಹಾಳು. ಗಾದೆಯ ಕೊಡಲಿ ಕಾವು ಕುಲಕ್ಕೆ ಸಾವು. ಸಡಿಲ ಕಾವು ಎದುರಿಗೆ ನಿಂತವರಿಗೆ. ಕಾವನ್ನೇ ಬದಲಿಸುವುದು ಸರಿ.

ಹಳೆಯದನ್ನು ಕೊಡಲಿಯ ಬುಡಕ್ಕೇ ಗರಗಸದಲ್ಲಿ ಕೊಯ್ದು, ಕೊಡಲಿಯನ್ನು ಎರಡು ದಿಮ್ಮಿಗಳ ನಡುವೆ ಮಗುಚಿಟ್ಟು, ಕಾವು ಒಳಹೋದ ಕಡೆಯಿಂದಲೇ ಸರಳಿಟ್ಟು ಹೊಡೆಯಬೇಕು. ಬೆಣೆ ಬಿದ್ದ ನೆತ್ತಿ ಅಗಲವಾಗಿರುವುದರಿಂದ ಆ ಕಡೆಯಿಂದ ಹೊಡೆದರೆ ಮತ್ತಷ್ಟು ಕಚ್ಚಿಕೊಳ್ಳುತ್ತದೆ. ಜಗ್ಗದಿದ್ದರೆ 6 ಮಿ.ಮೀ. ಬಿಟ್ಟಿನಲ್ಲಿ ನಾಲ್ಕಾರು ತೂತು ಕೊರೆಯಿರಿ. ಒಲೆಗೆ ಹಾಕಿ ಸುಡುವವರಿದ್ದಾರೆ. ಬಾಯಿ ನೀಲಿಗೆ ತಿರುಗಿತೆಂದರೆ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ, ಕಮ್ಮಾರ ಕೊಟ್ಟ ಹದ ಇಳಿದಿದೆ ಎಂದರ್ಥ.

ಮರದಲ್ಲಿ ದಡಸಲಿಗೆ ಸಾಟಿಯಿಲ್ಲ, ಬಳುಕುತ್ತದೆ, ಮುರಿಯುವುದಿಲ್ಲ. ಬಯಲುಸೀಮೆಯಲ್ಲಿ ಜಾಲಿ ಆದೀತು. ಸಾಗುವಾನಿ ನೋಡಲು ಚೆಂದ, ಪೆಟ್ಟಿಗೆ ಚಟ್ಟೆನ್ನುತ್ತದೆ. ಜಾತಿಗಿಂತ ಎಳೆ ಮುಖ್ಯ. ಎಳೆ ತುದಿಯಿಂದ ತುದಿಗೆ ಓಡಬೇಕು. ನಡುವೆ ಪಕ್ಕಕ್ಕೆ ಜಾರಿದರೆ ಕಾವು ಮುರಿಯುವುದು ಅಲ್ಲೇ. ಹಾಗಾಗಿ ಮಿಲ್ಲಿನಲ್ಲಿ ಕೊಯ್ದ ರೀಪಿಗಿಂತ ಸೀಳಿ ತೆಗೆದ ತುಂಡು ಮೇಲು. ನೆರಳಲ್ಲಿ ಆರೆಂಟು ತಿಂಗಳು ಒಣಗಲಿ. ಹಾಕುವುದಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಹಾಕಿ. ಜುಲೈಯ ತೇವದಲ್ಲಿ ಬಿಗಿಯಾಗಿ ಕೂತದ್ದು ಬೇಸಿಗೆಗೆ ಕುಗ್ಗುತ್ತದೆ. ಎರಡು ಕೆ.ಜಿ. ಕೊಡಲಿಗೆ 32ರಿಂದ 36 ಇಂಚು ಉದ್ದ ಸಾಕು.

ತಲೆಭಾಗವನ್ನು ಕಣ್ಣಿಗಿಂತ ತುಸು ದಪ್ಪವೇ ಕೆತ್ತಿ, ಕಣ್ಣಿನ ಉದ್ದಗಲದಲ್ಲಿ ಉದ್ದದ ಕಡೆಗೆ ಗರಗಸದ ಸೀಳು ಹಾಕಿ. ಆಳ ಕಣ್ಣಿನ ಮೂರರಲ್ಲಿ ಎರಡು ಪಾಲು ಇರಲಿ. ಕೂರಿಸುವಾಗ ನೆಲಕ್ಕೆ ಕುಟ್ಟಬೇಡಿ. ಕೊಡಲಿ ಕೆಳಗೆ ತೂಗುವಂತೆ ಕಾವನ್ನು ಗಾಳಿಯಲ್ಲಿ ನೆಟ್ಟಗೆ ಹಿಡಿದು, ಮೇಲಿನ ಹಿಡಿಯ ತುದಿಗೆ ಕೊಡತಿಯಲ್ಲಿ ಹೊಡೆಯಿರಿ. ಭಾರದ ಕಬ್ಬಿಣ ನಿಂತಲ್ಲೇ ನಿಲ್ಲುತ್ತದೆ, ಕಾವು ಅದರೊಳಗೆ ಇಳಿಯುತ್ತದೆ. ಮೊದಲ ಸಲ ನೋಡುವವರು ನಂಬುವುದಿಲ್ಲ! ತೆಗೆದರೆ ಒತ್ತಿದ ಕಡೆ ಕಪ್ಪು ಗುರುತು ಕಾಣುತ್ತದೆ. ಅಷ್ಟನ್ನೇ ಅರದಲ್ಲಿ ಉಜ್ಜಿ ಮತ್ತೆ ಕೂರಿಸಿ. ಐದಾರು ಸಲವಾದರೂ ಬೇಕು. ಅವಸರಕ್ಕೆ ಒಮ್ಮೆಲೇ ಕೆತ್ತಿ ಸಣ್ಣ ಮಾಡಿದ್ದನ್ನು ಯಾವ ಬೆಣೆಯೂ ಸರಿಮಾಡದು. ಪ್ರತಿ ಸಲವೂ ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ, ಬಾಯಿ ಕಾವಿನ ನೇರಕ್ಕಿರಬೇಕು.

ಕೊನೆಯಲ್ಲಿ ಕಾವಿನ ನೆತ್ತಿ ಕಣ್ಣಿನಿಂದ 5 ಮಿ.ಮೀ. ಹೊರಗಿರಲಿ. ಚೆನ್ನಾಗಿ ಒಣಗಿದ ಗಟ್ಟಿಮರದ, ಸೀಳಿನಷ್ಟೇ ಅಗಲದ ಬೆಣೆ ಹೊಡೆದಾಗ ಆ ಭಾಗ ಅರಳಿ ಕೊಡಲಿ ಜಾರದಂತೆ ತಡೆಯುತ್ತದೆ. ಅಂದಕ್ಕೆಂದು ಸಪಾಟಾಗಿ ಕೊಯ್ದರೆ ಈ ಹಿಡಿತ ಹೋಯಿತು. ಪೆಟ್ಟಿನ ಸದ್ದು ಬದಲಾಗಿ ಬೆಣೆ ಇಳಿಯದೆ ನಿಂತರೆ ಅಲ್ಲಿಗೆ ಬಿಡಿ. ಪಿಕಾಸಿಯಂತೆ ಮೇಲಿನಿಂದ ಕಾವು ತೂರಿಸುವ ದುಂಡು ಕಣ್ಣಿನ ಕೊಡಲಿಗೆ ಬೆಣೆಯ ಗೊಡವೆಯಿಲ್ಲ.

ವಾರ್ನಿಷ್ ಅಂಗೈಗೆ ಬೊಕ್ಕೆ ತರಿಸುತ್ತದೆ. ಅಗಸೆ ಎಣ್ಣೆ ತೆಳುವಾಗಿ ಎರಡು ಮೂರು ಸಲ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ. ಗುರಿ ತಪ್ಪಿದಾಗ ಸೌದೆಗೆ ಬಡಿಯುವುದು ಕೊಡಲಿಗೆ ತಾಗಿದ ನಾಲ್ಕು ಇಂಚು ಕಾವು. ಅಲ್ಲಿಗೆ ಹಳೆಯ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿಡಿ.

– ಓದುಗರೊಬ್ಬರು, ತೀರ್ಥಹಳ್ಳಿ